ಬ್ರೋಷರ್‌ನಲ್ಲಿ 42,000, ಬಿಲ್ಲಿನಲ್ಲಿ ಎಷ್ಟು?

ಪುಣೆ ಪಕ್ಕದ ಚಿಂಚವಡದ ಓದುಗರೊಬ್ಬರು ಬರೆದ ಉದ್ದ ಪತ್ರದ ಸಾರ ಇದು: "ಅಮ್ಮನಿಗೆ 78. ಮುಂಬೈ ಕಡೆಯ ಡೊಂಬಿವಲಿಯ ಹಳೇ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ ಒಬ್ಬರೇ ಇದ್ದಾರೆ, ಲಿಫ್ಟ್ ಇಲ್ಲ. ಬಾತ್‌ರೂಮಿನಲ್ಲಿ ಬಿದ್ದು ಸೊಂಟದ ಆಪರೇಷನ್ ಆಯಿತು. ಪುಣೆಯ ಒಂದು ಅಸಿಸ್ಟೆಡ್ ಲಿವಿಂಗ್‌ನವರು (ಹಿರಿಯರನ್ನು ಇಟ್ಟುಕೊಂಡು ನೋಡಿಕೊಳ್ಳುವ ಜಾಗ) ತಿಂಗಳಿಗೆ 42,000, ಡಿಪಾಸಿಟ್ 3 ಲಕ್ಷ ಅಂದರು. ಮನೆಯಲ್ಲೇ 24 ತಾಸಿನ ಆಯಾ ಇಟ್ಟರೆ 28,000 ಅಂತ ಆಯಾಗಳನ್ನು ಕಳಿಸುವ ಬ್ಯೂರೋದವರು. ಅಮ್ಮನಿಗೆ 18,000 ಫ್ಯಾಮಿಲಿ ಪೆನ್ಶನ್ ಬರುತ್ತದೆ, 25 ಲಕ್ಷ ಎಫ್‌ಡಿ ಇದೆ, ಫ್ಲ್ಯಾಟು ಅವರದೇ. ಅದನ್ನು ತನ್ನ ಹೆಸರಿಗೆ ಮಾಡಿಕೊಟ್ಟರೆ ಅಮ್ಮನನ್ನು ನೋಡಿಕೊಳ್ಳುತ್ತೇನೆ ಅನ್ನುತ್ತಾನೆ ಅಣ್ಣ. ಸರಕಾರದಿಂದ ಏನಾದರೂ ಸಿಗುತ್ತದಾ? ಊರಲ್ಲಿ ಗೊತ್ತಾದರೆ ಏನಂತಾರೋ ಅನ್ನುವ ಭಯ ಬೇರೆ."

ಮೊದಲು ಸರಕಾರದ ವಿಷಯ ಮುಗಿಸೋಣ, ಯಾಕೆಂದರೆ ಅದು ಚಿಕ್ಕದು. 70 ದಾಟಿದ ಎಲ್ಲರಿಗೂ, ಆದಾಯ ಎಷ್ಟೇ ಇರಲಿ, 2024ರ ಅಕ್ಟೋಬರಿನಿಂದ ಆಯುಷ್ಮಾನ್ ವಯ ವಂದನಾ ಕಾರ್ಡ್ ಇದೆ. ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆ. ಆಧಾರ್ ಹಿಡಿದು ಮಾಡಿಸಿಬಿಡಿ, ಅಮ್ಮನನ್ನು ಸೇರಿಸುವ ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲಿ ಇದೆಯಾ ಅಂತಲೂ ನೋಡಿಕೊಳ್ಳಿ. ಆದರೆ ಅದು ಆಸ್ಪತ್ರೆಗೆ ಸೇರಿದರೆ ಮಾತ್ರ. ಸ್ನಾನ ಮಾಡಿಸುವುದು, ಕಮೋಡಿಗೆ ಕೂರಿಸುವುದು, ರಾತ್ರಿ ಮಗ್ಗುಲು ಬದಲಿಸುವುದು, ಇದಕ್ಕೆಲ್ಲ ಆ ಕಾರ್ಡೂ ಕೊಡುವುದಿಲ್ಲ, ಸಾಮಾನ್ಯ ಮೆಡಿಕ್ಲೇಮೂ ಕೊಡುವುದಿಲ್ಲ. ಮಹಾರಾಷ್ಟ್ರ ಸರಕಾರದ ಶ್ರಾವಣಬಾಳ ಪೆನ್ಶನ್ ತೀರಾ ಬಡವರಿಗೆ, ಅಮ್ಮ ಅದರೊಳಗೆ ಬರುವುದಿಲ್ಲ. ಅಂದರೆ ನಿಮಗೆ ಈಗ ಬೇಕಾಗಿರುವುದು ಕೈಯಿಂದಲೇ ಹಾಕಬೇಕಾದ ದುಡ್ಡು.

ಆ ದುಡ್ಡು ಎಷ್ಟು? 28,000 ಮತ್ತು 42,000 ಪಕ್ಕಪಕ್ಕ ಇಟ್ಟರೆ ಮನೆಯೇ ಅಗ್ಗ ಅನ್ನಿಸುತ್ತದೆ. ಅಷ್ಟು ಸುಲಭ ಅಲ್ಲ. ಆಯಾಗೆ ಊಟ ತಿಂಡಿ ನಿಮ್ಮದೇ, ಅವರು ರಜೆ ಹಾಕಿದ ದಿನ ಬದಲಿ ಆಯಾ ಬರದಿದ್ದರೆ ನೀವೇ ಪುಣೆಯಿಂದ ಓಡಬೇಕು. 24 ತಾಸಿನವರು ಅಂದರೆ 24 ತಾಸೂ ಎದ್ದಿರುವವರಲ್ಲ, ಅವರೂ ರಾತ್ರಿ ಮಲಗುತ್ತಾರೆ, ಮಲಗಲೇಬೇಕು. ಅಮ್ಮನಿಗೆ ರಾತ್ರಿ ನಾಲ್ಕು ಸಲ ಏಳಬೇಕಾಗುವ ಕಾಲ ಬಂದರೆ ಹಗಲಿಗೊಬ್ಬರು, ರಾತ್ರಿಗೊಬ್ಬರು ಬೇಕಾಗುತ್ತದೆ, ಖರ್ಚು ಹತ್ತಿರ ಹತ್ತಿರ ಎರಡು ಪಟ್ಟು. ಮೂರನೇ ಮಹಡಿಯಿಂದ ಫಿಸಿಯೋಗೆ ಇಳಿಸುವವರು ಯಾರು? ಇನ್ನೊಂದು ಮಾತು, ಅಮ್ಮ ಅಲ್ಲೇ ಇದ್ದರೆ ಆ ಫ್ಲ್ಯಾಟಿನ ಬಾಡಿಗೆ ಬರುವುದಿಲ್ಲ. ಪುಣೆಗೆ ಬಂದರೆ ಬರುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯಲು ಎಲ್ಲರೂ ಮರೆಯುತ್ತಾರೆ.

ಹಾಗಂತ 42,000 ಕೂಡ 42,000 ಅಲ್ಲ. ಡೈಪರ್, ಔಷಧಿ, ಫಿಸಿಯೋ, ಡಾಕ್ಟರ್ ವಿಸಿಟ್, ಆಂಬುಲೆನ್ಸ್ ಇದರಲ್ಲಿ ಬಂತಾ ಅಂತ ಒಂದೊಂದೇ ಹೆಸರು ಹಿಡಿದು ಕೇಳಿ. ಆಸ್ಪತ್ರೆಗೆ ಸೇರಿದರೆ ಅಲ್ಲಿ ಜೊತೆಗಿರುವವರು ಯಾರು, ಆ ದಿನಗಳಿಗೂ ಪೂರ್ತಿ ಬಾಡಿಗೆ ಹಿಡಿಯುತ್ತಾರಾ? ರಾತ್ರಿ ಪಾಳಿಯಲ್ಲಿ ಎಷ್ಟು ಜನರಿಗೆ ಎಷ್ಟು ಸಿಬ್ಬಂದಿ? ಮರೆವಿನ ಕಾಯಿಲೆ ಶುರುವಾದರೆ ಇಟ್ಟುಕೊಳ್ಳುತ್ತಾರಾ, ಕರೆದುಕೊಂಡು ಹೋಗಿ ಅಂತಾರಾ? ಡಿಪಾಸಿಟ್ ಎಷ್ಟು ದಿನದಲ್ಲಿ, ಎಷ್ಟು ಮುರಿದುಕೊಂಡು ವಾಪಸು ಕೊಡುತ್ತಾರೆ? ಇದೆಲ್ಲ ಕಾಗದದ ಮೇಲೆ ಬೇಕು. ಬಾಯಿಮಾತಿನಲ್ಲಿ ಎಲ್ಲರೂ ದೇವರೇ.

ಈಗ ಅಮ್ಮನ ದುಡ್ಡು. ಪೋಸ್ಟ್ ಆಫೀಸಿನ, ಬ್ಯಾಂಕಿನಲ್ಲೂ ಸಿಗುವ, ಸೀನಿಯರ್ ಸಿಟಿಜನ್ ಸೇವಿಂಗ್ಸ್ ಸ್ಕೀಮ್ ನೂರಕ್ಕೆ 8.2 ಬಡ್ಡಿ ಕೊಡುತ್ತಿದೆ, 30 ಲಕ್ಷದವರೆಗೆ ಇಡಬಹುದು. 20 ಲಕ್ಷ ಇಟ್ಟರೆ ಮೂರು ತಿಂಗಳಿಗೊಮ್ಮೆ 41,000, ತಿಂಗಳ ಲೆಕ್ಕದಲ್ಲಿ ಸುಮಾರು 13,600. ಪೆನ್ಶನ್ ಸೇರಿಸಿ 31,600. ಉಳಿದ 5 ಲಕ್ಷದಲ್ಲಿ ಡಿಪಾಸಿಟ್ ಕಟ್ಟಿ, ಮಿಕ್ಕಿದ್ದು ಕೈಗೆ ಸಿಗುವ ಹಾಗಿರಲಿ, ಯಾಕೆಂದರೆ ಈ ಸ್ಕೀಮು ಐದು ವರ್ಷಕ್ಕೆ, ನಡುವೆ ಮುರಿದರೆ ದಂಡ. ಮೇಲಿನ ಸಣ್ಣಪುಟ್ಟ ಖರ್ಚೆಲ್ಲ ಸೇರಿ ತಿಂಗಳಿಗೆ 48,000 ಆಗುತ್ತದೆ ಅಂತಿಟ್ಟುಕೊಳ್ಳಿ. 16,000ಕ್ಕಿಂತ ಜಾಸ್ತಿ ಕಡಿಮೆ ಬೀಳುತ್ತದೆ. ಫ್ಲ್ಯಾಟಿನ ಬಾಡಿಗೆ ಅದರಲ್ಲಿ ಎಷ್ಟು ತುಂಬುತ್ತದೋ ತುಂಬಲಿ, ಉಳಿದದ್ದು ನೀವೂ ಅಣ್ಣನೂ ಹಂಚಿಕೊಳ್ಳಿ.

ನನಗೆ ಚಿಂತೆ ಇರುವುದು ಮೊದಲ ವರ್ಷದ್ದಲ್ಲ. ಆ ಅಸಿಸ್ಟೆಡ್ ಲಿವಿಂಗ್‌ನವರು ವರ್ಷಕ್ಕೆ ನೂರಕ್ಕೆ 8ರಂತೆ ಏರಿಸಿದರೂ ಐದು ವರ್ಷಕ್ಕೆ 42,000 ಹೋಗಿ 61,700 ಆಗುತ್ತದೆ. ಸ್ಕೀಮಿನ ಬಡ್ಡಿ ಮಾತ್ರ ಇದ್ದಲ್ಲೇ ಇರುತ್ತದೆ. ಅಷ್ಟರಲ್ಲಿ ಅಮ್ಮನಿಗೆ 83, ಸಹಾಯ ಇನ್ನೂ ಜಾಸ್ತಿ ಬೇಕು. ಹಾಗಾಗಿ ಈಗ ಉಸಿರುಕಟ್ಟಿ ಕೈಗೆಟುಕುವ ಜಾಗ ಬೇಡ, ಸ್ವಲ್ಪ ಕಡಿಮೆಯದನ್ನೇ ನೋಡಿ. ಹಾಗೇ, ಪಾಷಾಣ, ಬಾಣೇರ್ ಕಡೆ ಅಥಶ್ರೀ ತರಹದ ಹಿರಿಯರ ಕಾಂಪ್ಲೆಕ್ಸುಗಳಿವೆಯಲ್ಲ, ಅವು ಮುಖ್ಯವಾಗಿ ಓಡಾಡಿಕೊಂಡಿರುವವರು ಫ್ಲ್ಯಾಟು ಮಾಡಿಕೊಂಡು ಇರುವಂಥವು. ನಿಮಗೆ ಬೇಕಾಗಿರುವುದು ಕೈಹಿಡಿದು ನಡೆಸುವವರಿರುವ ಜಾಗ. ಎರಡನ್ನೂ ಒಂದೇ ಅಂದುಕೊಂಡು ಹುಡುಕಬೇಡಿ.

ಹುಡುಕುವುದು ಹೇಗೆ ಅಂದರೆ, ನಿಮ್ಮ ಏರಿಯಾದ ಜ್ಯೇಷ್ಠ ನಾಗರಿಕ (ಹಿರಿಯ ನಾಗರಿಕರ) ಸಂಘಕ್ಕೆ ಒಂದು ಸಂಜೆ ಹೋಗಿ ಕೂತುಕೊಳ್ಳಿ. ಯಾವ ಜಾಗದಲ್ಲಿ ಊಟ ಚೆನ್ನಾಗಿದೆ, ಎಲ್ಲಿ ಆಳುಗಳು ನಿಲ್ಲುವುದಿಲ್ಲ, ಎಲ್ಲ ಅಲ್ಲಿ ಗೊತ್ತಿರುತ್ತದೆ. ಕೇಂದ್ರ ಸರಕಾರದ ಹಿರಿಯರ ಸಹಾಯವಾಣಿ ಎಲ್ಡರ್‌ಲೈನ್ 14567, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ, ಫ್ರೀ. ಮುಂಬೈ ಕಡೆಯೇ ಇರಲಿ ಅನ್ನಿಸಿದರೆ ನವಿ ಮುಂಬೈಯ ನೆರೂಲಿನಲ್ಲಿ ಬಿಎಸ್‌ಕೆಬಿ ಅಸೋಸಿಯೇಶನ್ನಿನ (ಮುಂಬೈಯ ದಕ್ಷಿಣ ಕನ್ನಡ ಬ್ರಾಹ್ಮಣರ ಸಂಘ) ಹಿರಿಯರ ಮನೆ ಆಶ್ರಯ ಇದೆ, ಕೇಳಿ ನೋಡಿ. ಭಾಷೆಯ ವಿಷಯ ಸಣ್ಣದಲ್ಲ. ಐವತ್ತು ವರ್ಷ ಮರಾಠಿ ಆಡಿದವರೂ ಮರೆವು ಹಿಡಿದ ಮೇಲೆ ಕನ್ನಡವನ್ನೋ ತುಳುವನ್ನೋ ಮಾತ್ರ ಆಡುವುದುಂಟು, ಆಗ "ನೀರು" ಅಂದರೆ ಯಾರಿಗೂ ತಿಳಿಯದಂಥ ಜಾಗದಲ್ಲಿ ಅವರು ಇರಬಾರದು ಅಲ್ವಾ. ಇಲ್ಲಿನ ನಮ್ಮ ಕನ್ನಡ ಸಂಘಗಳು ಯಕ್ಷಗಾನಕ್ಕೂ ಸನ್ಮಾನಕ್ಕೂ ಮಾಡುವ ಖರ್ಚಿನಲ್ಲಿ ಒಂದು ಚೂರನ್ನು ಕನ್ನಡ ಬಲ್ಲ ಆಯಾಗಳ ಪಟ್ಟಿ ಇಡುವುದಕ್ಕೆ ಹಾಕಿದರೆ ಎಷ್ಟು ಮನೆಗಳಿಗೆ ಉಪಕಾರ! ಇದು ನಿಮಗಲ್ಲ, ಇದನ್ನು ಓದುತ್ತಿರುವ ಪದಾಧಿಕಾರಿಗಳಿಗೆ.

ಊರವರ ಬಗ್ಗೆ: ಅವರು ಬಂದು ರಾತ್ರಿ ಕಾಯುವುದಿಲ್ಲ. ಅಮ್ಮ ಏನಂತಾರೆ? ಅದು ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ. ಡಿಪಾಸಿಟ್ ಕಟ್ಟುವ ಮೊದಲು ಒಂದು ತಿಂಗಳು ಸುಮ್ನೆ ಇದ್ದು ನೋಡಲು ಬಿಡುತ್ತಾರಾ ಕೇಳಿ. ಅಮ್ಮ ಬೇಡ ಅಂದರೆ ಬೇಡ, ಆಗ ನಿಮ್ಮ ಮನೆಯ ಹತ್ತಿರ ಲಿಫ್ಟ್ ಇರುವ ಬಾಡಿಗೆ ಮನೆ, ಒಬ್ಬ ಆಯಾ, ಹೀಗೆ ಇನ್ನೊಂದು ಲೆಕ್ಕ ಹಾಕಿ.

ಕೊನೆಗೆ ಫ್ಲ್ಯಾಟು. ಅಣ್ಣನ ಮೇಲೆ ನನಗೆ ಅನುಮಾನ ಇಲ್ಲ, ಆದರೂ ಈಗ ಯಾರ ಹೆಸರಿಗೂ ಮಾಡಬೇಡಿ. 2007ರ ಹಿರಿಯ ನಾಗರಿಕರ ಕಾನೂನಿನ 23ನೇ ಸೆಕ್ಷನ್ ಪ್ರಕಾರ, ನೋಡಿಕೊಳ್ಳುವ ಷರತ್ತಿನ ಮೇಲೆ ಮಾಡಿಕೊಟ್ಟ ಆಸ್ತಿಯ ವರ್ಗಾವಣೆಯನ್ನು, ನೋಡಿಕೊಳ್ಳದಿದ್ದರೆ, ಟ್ರಿಬ್ಯೂನಲ್ ರದ್ದು ಮಾಡಬಹುದು. ಆದರೆ ಷರತ್ತೇ ಇಲ್ಲದಿದ್ದರೆ ಈ ಸೆಕ್ಷನ್ ಬಳಸಲಾಗದು ಅಂತ 2022ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. 2025ರ ಜನವರಿಯ ತೀರ್ಪು ಸ್ವಲ್ಪ ಉದಾರವಾಗಿದೆ, ಹಾಗಂತ 78ರ ಅಮ್ಮನನ್ನು ಟ್ರಿಬ್ಯೂನಲ್ಲಿಗೆ ಓಡಾಡಿಸುವುದು ಯಾಕೆ? ಕೊಡಲೇಬೇಕು ಅಂತಾದರೆ ಷರತ್ತನ್ನು ಗಿಫ್ಟ್ ಡೀಡ್‌ನಲ್ಲೇ ಸ್ಪಷ್ಟವಾಗಿ ಬರೆಸಿ. ಸದ್ಯಕ್ಕೆ ಬಾಡಿಗೆಗೆ ಕೊಡಿ, ಲೀವ್ ಅಂಡ್ ಲೈಸೆನ್ಸ್ ಕರಾರು (ಇಲ್ಲಿನ ಬಾಡಿಗೆ ಒಪ್ಪಂದ) ರಿಜಿಸ್ಟರ್ ಮಾಡಿಸಿ, ಬಾಡಿಗೆ ನೇರ ಅಮ್ಮನ ಖಾತೆಗೇ ಬೀಳಲಿ.