ಮೂರು ರಾಜಧಾನಿಗಳ ಬದಲು ಕಡಲಂಚಿನ ಒಂದು ಸಣ್ಣ ಊರು

ಸ್ವೀಡನ್ನಿನ ಗೋಥೆನ್‌ಬರ್ಗಿಗೆ ಕೆಲಸಕ್ಕೆಂದು ಬಂದು ಇನ್ನೂ ಒಂದೇ ಚಳಿಗಾಲ ಕಂಡಿರುವ ನೀವು, ಜೂನ್ ತಿಂಗಳಲ್ಲಿ ದಾವಣಗೆರೆಯಿಂದ ಬರಲಿರುವ ತಂದೆತಾಯಿಯರನ್ನೂ ಏಳು ವರ್ಷದ ಮಗಳನ್ನೂ ಕರೆದುಕೊಂಡು ಒಂದೇ ವಾರದಲ್ಲಿ ಸ್ಟಾಕ್‌ಹೋಮ್, ಓಸ್ಲೋ, ಕೋಪನ್‌ಹೇಗನ್ ಮೂರನ್ನೂ ನೋಡುವುದು ಹೇಗೆ ಎಂದು ಕೇಳಿದ್ದೀರಿ. ಸಸ್ಯಾಹಾರಿಗಳಾದ ಹಿರಿಯರ ಊಟದ ಚಿಂತೆಯನ್ನೂ ತೋಡಿಕೊಂಡಿದ್ದೀರಿ. ಮೂರನ್ನೂ ನೋಡಲು ಸಾಧ್ಯವಿಲ್ಲವೆಂದಲ್ಲ; ರೈಲುಗಳಿವೆ, ಬಸ್ಸುಗಳಿವೆ. ಆದರೆ ಬಹಳ ವರ್ಷಗಳಿಂದ ಇಲ್ಲಿ ನೆಲೆಸಿರುವ ನನ್ನ ಸಲಹೆ ಬೇರೆಯೇ ಇದೆ. ಗೋಥೆನ್‌ಬರ್ಗಿನಿಂದ ಉತ್ತರಕ್ಕೆ ನಾರ್ವೆಯ ಗಡಿಯವರೆಗೆ ಹಬ್ಬಿರುವ ಬೂಹುಸ್ಲೇನ್ ಕರಾವಳಿಯಲ್ಲಿ ಯಾವುದಾದರೂ ಒಂದು ಸಣ್ಣ ಊರನ್ನು ಆರಿಸಿಕೊಂಡು, ಆ ವಾರವನ್ನೆಲ್ಲ ಅಲ್ಲಿಯೇ ಕಳೆಯಿರಿ.

ಹಣ ಉಳಿಸಲೆಂದೋ ಆಯಾಸ ತಪ್ಪಿಸಲೆಂದೋ ಈ ಮಾತು ಹೇಳುತ್ತಿಲ್ಲ, ಅವೆರಡೂ ಆಗುವುದು ನಿಜವಾದರೂ. ನಿಮ್ಮ ತಂದೆತಾಯಿಯರಿಗೆ ಅರಮನೆಗಳಿಗಿಂತ ಹೆಚ್ಚಾಗಿ ನೋಡಬೇಕೆನಿಸುವುದು ಮಗ ಎಂಥ ನಾಡಿನಲ್ಲಿ ಸಂಸಾರ ಹೂಡಿದ್ದಾನೆ, ಮೊಮ್ಮಗಳು ಎಂಥವರ ನಡುವೆ ಬೆಳೆಯುತ್ತಾಳೆ ಎಂಬುದನ್ನು. ಮೂರು ದೇಶಗಳ ರೈಲು ನಿಲ್ದಾಣ, ಹೋಟೆಲು, ಸರತಿಯ ಸಾಲುಗಳ ನಡುವೆ ಅದು ಕಣ್ಣಿಗೆ ಬೀಳುವುದಿಲ್ಲ. ಬೇಸಿಗೆ ಬಂತೆಂದರೆ ಸ್ವೀಡನ್ನಿನವರೇ ನಗರ ಬಿಟ್ಟು ನೀರಿನ ಕಡೆಗೆ ಹೊರಡುತ್ತಾರೆ. ಕಚೇರಿಯಲ್ಲಿ ವರ್ಷವಿಡೀ ನಾಲ್ಕು ಮಾತಿಗಿಂತ ಹೆಚ್ಚು ಆಡದವರು ದೋಣಿಕಟ್ಟೆಯ ಮೇಲೆ ಕುಳಿತಾಗ ತಾವಾಗಿಯೇ ಮಾತಿಗೆ ತೊಡಗುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಈ ಜನರನ್ನು ಅವರು ನಿರಾಳವಾಗಿರುವ ಜಾಗದಲ್ಲಿ ಕಾಣುವುದು, ಇಲ್ಲಿಯೇ ಬಾಳಬೇಕಾದ ನಿಮಗಂತೂ ಬಹಳ ಮುಖ್ಯ.

ಕರಾವಳಿ ಎಂದೊಡನೆ ಮಲ್ಪೆ, ಗೋಕರ್ಣಗಳ ಮರಳದಂಡೆಯನ್ನು ನೆನೆದುಕೊಳ್ಳಬೇಡಿ. ಇಲ್ಲಿ ಮರಳು ಅಪರೂಪ, ಬಂಡೆಯದೇ ರಾಜ್ಯ. ಹಿಮಯುಗದ ನೀರ್ಗಲ್ಲು ಸಾವಿರಾರು ವರ್ಷ ಉಜ್ಜಿ ನುಣುಪಾಗಿಸಿದ ನಸುಗೆಂಪು ಗ್ರಾನೈಟ್ ಬಂಡೆಗಳು, ಮಲಗಿದ ಆನೆಗಳ ಬೆನ್ನಿನಂತೆ, ನೇರವಾಗಿ ಸಮುದ್ರಕ್ಕೆ ಇಳಿಯುತ್ತವೆ. ನಮ್ಮ ಕಡಲಿನಲ್ಲಿ ಕಾಣುವಂಥ ಉಬ್ಬರವಿಳಿತ ಇಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದಲೇ ಬೆಸ್ತರ ಕೆಂಪು ಮರದ ದೋಣಿಮನೆಗಳು ನೀರಿನ ಮೇಲೆಯೇ ಕಾಲೂರಿ ನಿಂತಿವೆ. ಅವುಗಳ ಹಿಂದೆ ಬಂಡೆಯ ಮರೆಯಲ್ಲಿ, ಗಾಳಿಗೆ ಬೆನ್ನು ಕೊಟ್ಟು, ಒಂದಕ್ಕೊಂದು ಆತುಕೊಂಡ ಬಿಳಿಯ ಮನೆಗಳು.

ಇಂದು ಚೆಂದವಾಗಿ ಕಾಣುವ ಈ ಊರುಗಳ ಬೆನ್ನಿಗೆ ಕಡುಬಡತನದ ಚರಿತ್ರೆಯಿದೆ. 1658ರಲ್ಲಿ ರೋಸ್ಕಿಲ್ದೆ ಒಪ್ಪಂದದಿಂದ ಸ್ವೀಡನ್ನಿನ ಪಾಲಾಗುವವರೆಗೆ ಈ ಪ್ರದೇಶ ಸೇರಿದ್ದು ನಾರ್ವೆಗೆ. ಹದಿನೆಂಟನೆಯ ಶತಮಾನದ ನಡುವಿನಲ್ಲಿ ಹೆರಿಂಗ್ ಮೀನಿನ ಹಿಂಡುಗಳು ದಡಕ್ಕೆ ಬರತೊಡಗಿ, ಉಪ್ಪು ಹಾಕುವ ಕಟ್ಟೆಗಳೂ ಮೀನೆಣ್ಣೆ ಬೇಯಿಸುವ ಕಾರ್ಖಾನೆಗಳೂ ತೀರದುದ್ದಕ್ಕೂ ಎದ್ದವು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮೀನು ಬಂದಷ್ಟೇ ಹಠಾತ್ತಾಗಿ ಮಾಯವಾಯಿತು, ಜನ ಬರಿಗೈಯಾದರು. ಆಮೇಲೆ ಗ್ರಾನೈಟ್ ಒಡೆಯುವ ಕಸುಬು ಬಂತು; ಇಲ್ಲಿಂದ ಹೋದ ಕಲ್ಲು ಯೂರೋಪಿನ ಎಷ್ಟೋ ನಗರಗಳ ಬೀದಿಗಳಿಗೆ ಹಾಸಾಯಿತು. ನಿಮ್ಮ ತಂದೆಯವರಿಗೆ ಇದನ್ನು ಮೊದಲೇ ಹೇಳಿಡಿ. ಬಂಡೆಗಳಲ್ಲಿ ಅಲ್ಲಲ್ಲಿ ಕಾಣುವ ನೇರ ಕಡಿತಗಳು, ಸಾಲಾಗಿ ಕೊರೆದ ತೂತುಗಳು ಆ ಕಲ್ಲುಕುಟಿಗರ ಕೈಗುರುತುಗಳೆಂದು ಗೊತ್ತಿದ್ದರೆ ನೋಡುವ ನೋಟವೇ ಬೇರೆಯಾಗುತ್ತದೆ.

ಯಾವ ಊರು ಎಂದರೆ, ಹಿರಿಯರೂ ಮಗುವೂ ಜೊತೆಗಿರುವುದರಿಂದ, ನಾನು ಲೀಸೆಶಿಲ್ ಎನ್ನುತ್ತೇನೆ. ಗೋಥೆನ್‌ಬರ್ಗಿನಿಂದ ನೇರ ಬಸ್ಸಿದೆ, ಒಳ್ಳೆಯ ದಿನಸಿ ಅಂಗಡಿಗಳಿವೆ, ಮಳೆ ಬಂದ ದಿನ ಮಗಳನ್ನು ಕರೆದೊಯ್ಯಲು ಅಲ್ಲಿಯ ಸಮುದ್ರದ ಜೀವಿಗಳನ್ನೇ ಸಾಕಿ ತೋರಿಸುವ ‘ಹಾವೆಟ್ಸ್ ಹೂಸ್’ ಎಂಬ ಮತ್ಸ್ಯಾಲಯವಿದೆ. ಊರಿನ ತುದಿಯಲ್ಲಿ, ನಡೆದೇ ಹೋಗಬಹುದಾದ ದೂರದಲ್ಲಿ, ಸ್ಟೋಂಗೆಹುವುದ್ ಎಂಬ ಬಂಡೆಗಳ ಭೂಶಿರವಿದೆ. ಕಲ್ಲುಗಣಿಯವರು ಅದನ್ನೂ ಒಡೆದು ಮುಗಿಸುವುದರಲ್ಲಿದ್ದರು. ಕಾಲಾ ಕೂರ್ಮನ್ ಎಂಬ ಮಹಿಳೆ ಆ ನೆಲವನ್ನು ತುಂಡುತುಂಡಾಗಿ ಕೊಂಡುಕೊಂಡು, 1920ರ ದಶಕದಲ್ಲಿ ಸ್ವೀಡನ್ನಿನ ರಾಯಲ್ ವಿಜ್ಞಾನ ಅಕಾಡೆಮಿಗೆ ದಾನವಾಗಿ ಒಪ್ಪಿಸಿದ್ದರಿಂದ ಅದು ಉಳಿಯಿತು. ಸಂಜೆಯ ಹೊತ್ತು ಅಲ್ಲಿ ಕುಳಿತುಕೊಳ್ಳಲು ನಿಮ್ಮ ತಾಯಿಯವರಿಗೆ ಒಂದು ದಪ್ಪ ಚಾಪೆ ಒಯ್ಯಿರಿ. ಜೂನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತು ಗಂಟೆಯ ನಂತರ. ಊಟ ಮುಗಿಸಿ ನಿಧಾನವಾಗಿ ಹೋದರೂ ಬೇಕಾದಷ್ಟು ಬೆಳಕಿರುತ್ತದೆ.

ಲೀಸೆಶಿಲ್‌ನ ಮಗ್ಗುಲಿಗೇ ಗುಲ್‌ಮಾರ್ನ್ ಎಂಬ ಫಿಯರ್ಡ್, ಎಂದರೆ ಕಡಲಿನ ಕಿರಿದಾದ ತೋಳು, ಒಳನಾಡಿಗೆ ಚಾಚಿಕೊಂಡಿದೆ. ಅದರ ಆಚೆ ದಡದ ಫಿಸ್ಕೆಬೆಕ್ಸ್‌ಶಿಲ್ ಎಂಬ ಹಳ್ಳಿಗೆ ಪ್ರಯಾಣಿಕರ ಪುಟ್ಟ ದೋಣಿ ಓಡಾಡುತ್ತದೆ. 1877ರಲ್ಲಿ ಆರಂಭವಾದ ಕ್ರಿಸ್ಟಿನೆಬೆರ್ಗ್ ಸಾಗರ ಸಂಶೋಧನಾ ಕೇಂದ್ರ ಇರುವುದು ಅಲ್ಲಿಯೇ. ಬಾಡಿಗೆ ಕಾರು ತೆಗೆದುಕೊಂಡರೆ, ಫಿಯರ್ಡನ್ನು ದಾಟಿಸುವ ಹಳದಿ ಬಣ್ಣದ ದೊಡ್ಡ ದೋಣಿಗೆ ಹಣ ಕೊಡಬೇಕಾಗಿಲ್ಲ. ಸರ್ಕಾರದ ಲೆಕ್ಕದಲ್ಲಿ ಅದೂ ರಸ್ತೆಯದೇ ಒಂದು ಭಾಗ.

ಕಾರಿದ್ದರೆ ಒಂದು ದಿನವನ್ನು ತಾನುಮ್‌ಗೆ ಮೀಸಲಿಡಿ. ಅಲ್ಲಿಯ ಕಂಚಿನ ಯುಗದ ಬಂಡೆಚಿತ್ರಗಳು 1994ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಹಡಗುಗಳು, ಬೇಟೆಗಾರರು, ತಬ್ಬಿ ನಿಂತ ಜೋಡಿ ಎಲ್ಲವೂ ಬಂಡೆಯ ಮೇಲೆ ಕೆತ್ತಿದವು. ಕಣ್ಣಿಗೆ ಕಾಣಲೆಂದು ಈ ಕಾಲದವರು ಕೆಂಪು ಬಣ್ಣ ತುಂಬಿದ್ದಾರೆ. ಈಗ ಹೊಲಗಳ ನಡುವೆ ಇರುವ ಆ ಬಂಡೆಗಳಲ್ಲಿ ಅಷ್ಟೊಂದು ಹಡಗುಗಳೇಕೆ ಎಂದು ಮಗಳು ಖಂಡಿತ ಕೇಳುತ್ತಾಳೆ. ಆಗ ಕಡಲು ಅಲ್ಲಿಯವರೆಗೂ ಇತ್ತು. ಹಿಮದ ಭಾರ ಕಳಚಿಕೊಂಡ ನೆಲ ಅಂದಿನಿಂದ ಮೇಲೇಳುತ್ತಲೇ ಇದೆ.

ಸ್ಮೋಗೆನ್ ಮತ್ತು ಫ್ಯೆಲ್‌ಬಾಕಾ ಹೆಚ್ಚು ಹೆಸರಾದ ಊರುಗಳು. ಸ್ಮೋಗೆನ್‌ನ ಉದ್ದನೆಯ ಮರದ ಕಟ್ಟೆ ಜುಲೈ ಸಂಜೆಗಳಲ್ಲಿ ಕಾಲಿಡಲು ಜಾಗವಿಲ್ಲದಷ್ಟು ತುಂಬುತ್ತದೆ, ನೀವು ತಪ್ಪಿಸಿಕೊಳ್ಳಬೇಕಾದ ನಗರದ ಗದ್ದಲವೇ ಅಲ್ಲಿ ಎದುರಾಗುತ್ತದೆ. ಬೆಳಗಿನ ಹೊತ್ತು ಹೋಗಿ ಬಂದರೆ ಸಾಕು. ಫ್ಯೆಲ್‌ಬಾಕಾದ ಎದುರಿನ ದ್ವೀಪವೊಂದರಲ್ಲಿ ನಟಿ ಇಂಗ್ರಿಡ್ ಬೆರ್ಗ್‌ಮನ್ ಅನೇಕ ಬೇಸಿಗೆಗಳನ್ನು ಕಳೆದರು, ಊರ ಚೌಕಕ್ಕೆ ಅವರ ಹೆಸರೇ ಇದೆ. ಇನ್ನೂ ಉತ್ತರಕ್ಕೆ, ಸ್ಟ್ರೋಮ್‌ಸ್ತಾದ್‌ನಿಂದ ದೋಣಿಯಲ್ಲಿ ಹೋಗುವ ಕೋಸ್ಟರ್ ದ್ವೀಪಗಳು ನನಗೆ ಎಲ್ಲಕ್ಕಿಂತ ಪ್ರಿಯ. ಸುತ್ತಲಿನ ಸಮುದ್ರವು 2009ರಲ್ಲಿ ಸ್ವೀಡನ್ನಿನ ಮೊದಲ ಸಾಗರ ರಾಷ್ಟ್ರೀಯ ಉದ್ಯಾನವಾಯಿತು. ಅದರ ಆಳದಲ್ಲಿ ತಣ್ಣೀರಿನ ಹವಳಗಳಿವೆ. ಆದರೆ ಅಲ್ಲಿ ತಿರುಗಾಟವೆಲ್ಲ ನಡಿಗೆ ಅಥವಾ ಸೈಕಲ್ಲಿನ ಮೇಲೆ, ಹಾಗಾಗಿ ಹಿರಿಯರಿಲ್ಲದ ಬೇರೊಂದು ಸಲಕ್ಕೆ ಅದನ್ನು ಉಳಿಸಿಕೊಳ್ಳಿ.

ಮಗಳ ಬಗ್ಗೆ ನಿಮಗೆ ಚಿಂತೆಯೇ ಬೇಡ. ಇಲ್ಲಿಯ ಮಕ್ಕಳು ಒಂದು ದಾರದ ತುದಿಗೆ ಬಟ್ಟೆ ಸಿಕ್ಕಿಸುವ ಕ್ಲಿಪ್ ಕಟ್ಟಿ, ಬಂಡೆಯಿಂದ ಕಿತ್ತ ಮೃದ್ವಂಗಿಯ ಚಿಪ್ಪನ್ನು ಒಡೆದು ಅದರ ಮಾಂಸವನ್ನು ಕ್ಲಿಪ್ಪಿಗೆ ಸಿಕ್ಕಿಸಿ, ಕಟ್ಟೆಯ ಮೇಲೆ ಬೋರಲಾಗಿ ಮಲಗಿ ನೀರಿಗೆ ಇಳಿಬಿಡುತ್ತಾರೆ. ಏಡಿ ಬಂದು ಕಚ್ಚಿಕೊಳ್ಳುತ್ತದೆ, ತಾನಾಗಿ ಬಿಡುವುದಿಲ್ಲ. ಮೆಲ್ಲಗೆ ಮೇಲೆಳೆದು ನೀರು ತುಂಬಿದ ಬಕೆಟ್ಟಿಗೆ ಹಾಕಿ, ಎಣಿಸಿ, ಸಂಜೆಗೆ ಎಲ್ಲವನ್ನೂ ಮರಳಿ ಸಮುದ್ರಕ್ಕೆ ಬಿಡುತ್ತಾರೆ. ಭಾಷೆ ಬಾರದ ಮಗುವೂ ಈ ಆಟಕ್ಕೆ ಸಲೀಸಾಗಿ ಸೇರಿಕೊಳ್ಳುತ್ತದೆ. ಏಡಿಯ ಬಗ್ಗೆ ಮನೆಯಲ್ಲಿ ಅಳುಕಿದ್ದರೆ, ಪಕ್ಕದ ಮಕ್ಕಳ ಬಕೆಟ್ ಕಾಯುವ ಕೆಲಸವೂ ಅಷ್ಟೇ ಗೌರವದ್ದು.

ಜೂನ್ ಎಂದಿರಿ, ಅದರಲ್ಲೂ ಮೊದಲ ಎರಡು ವಾರಗಳಲ್ಲಿ ಹೋಗಿಬನ್ನಿ. 19ರಿಂದ 25ರೊಳಗೆ ಬೀಳುವ ಶುಕ್ರವಾರ ಮಧ್ಯಬೇಸಿಗೆಯ ಹಬ್ಬದ ಮುನ್ನಾದಿನ. ಆಗ ಕೋಣೆ ಸಿಗುವುದು ಕಷ್ಟ, ಅನೇಕ ಅಂಗಡಿಗಳು ಮುಚ್ಚಿರುತ್ತವೆ. ಅಲ್ಲಿಂದ ಆಗಸ್ಟ್ ಮಧ್ಯದವರೆಗೆ ಬಾಡಿಗೆ ಏರಿಯೇ ಇರುತ್ತದೆ. ಶಾಲೆಗಳು ತೆರೆದ ಮೇಲೆ ಊರುಗಳು ಮತ್ತೆ ಖಾಲಿಯಾಗುತ್ತವೆ, ನೀರು ಮಾತ್ರ ಇನ್ನೂ ಬೆಚ್ಚಗಿರುತ್ತದೆ. ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಈ ಊರುಗಳ ಎಷ್ಟೋ ಮನೆಗಳು ಈಗ ನಗರದವರ ಬೇಸಿಗೆ ಮನೆಗಳಾಗಿ, ಚಳಿಗಾಲದಲ್ಲಿ ದೀಪವಿಲ್ಲದೆ ನಿಂತಿರುತ್ತವೆ. ಹನ್ನೆರಡು ತಿಂಗಳೂ ಅಲ್ಲಿಯೇ ಇರುವವರ ಅಂಗಡಿ, ಬೇಕರಿಗಳು ಉಳಿಯಬೇಕಾದರೆ ಜುಲೈ ಬಿಟ್ಟು ಬೇರೆ ತಿಂಗಳುಗಳಲ್ಲಿಯೂ ಗಿರಾಕಿಗಳು ಬರಬೇಕು. ಈ ಕಾರಣಕ್ಕಾಗಿಯೂ ನಾನು ಮೇ, ಜೂನ್, ಸೆಪ್ಟೆಂಬರುಗಳ ಪರ.

ಊಟದ ವಿಷಯ. ಊರಿನ ಹೆಮ್ಮೆಯೆಲ್ಲ ಮೀನು, ಸಿಗಡಿಗಳದು. ಸಸ್ಯಾಹಾರಿಗೆ ಕಾಫಿಯಂಗಡಿಯಲ್ಲಿ ಸಿಗುವುದು ಬಹುಮಟ್ಟಿಗೆ ಏಲಕ್ಕಿ ಬನ್ನು, ವಾಫಲ್, ಚೀಸ್ ಬ್ರೆಡ್ಡು. ಆದ್ದರಿಂದ ಅಡುಗೆಮನೆ ಇರುವ ಕುಟೀರವನ್ನೋ ಯಾತ್ರಿನಿವಾಸವನ್ನೋ ಕಾದಿರಿಸಿ, ಅಕ್ಕಿ, ಬೇಳೆ, ಸಾರಿನಪುಡಿ, ಸಣ್ಣ ಕುಕ್ಕರ್ ಜೊತೆಗಿಡಿ. ಇಂಥ ಕಡೆ ಹಾಸಿಗೆಯ ಹೊದಿಕೆ, ದಿಂಬಿನ ಚೀಲಗಳನ್ನು ಸಾಮಾನ್ಯವಾಗಿ ನಾವೇ ತರಬೇಕು, ಹೊರಡುವ ಬೆಳಿಗ್ಗೆ ಕೋಣೆಯನ್ನು ನಾವೇ ಗುಡಿಸಿ ಒರೆಸಿ ಕೊಡಬೇಕು. ಇದನ್ನು ಯಾರೂ ಅವಮಾನವೆಂದು ಎಣಿಸುವುದಿಲ್ಲ; ಹಿರಿಯರಿಗೆ ಮುಂಚೆಯೇ ತಿಳಿಸಿಬಿಡಿ. ನಗದು ಹಣ ಬಹಳಷ್ಟು ಕಡೆ ನಡೆಯುವುದಿಲ್ಲ, ಕಾರ್ಡ್ ಇರಲಿ.

ಬಯಲಿನಲ್ಲಿ ಎಲ್ಲರಿಗೂ ತಿರುಗಾಡುವ ಹಕ್ಕು ಇಲ್ಲಿದೆ. ಬೇರೆಯವರ ಬಂಡೆ, ಕಾಡು ಎಂದು ಹಿಂಜರಿಯಬೇಕಾಗಿಲ್ಲ, ಆದರೆ ಮನೆಯ ಅಂಗಳಕ್ಕೆ ಕಾಲಿಡಬಾರದು, ಕಸ ಬಿಡಬಾರದು. ಬಂಡೆಯ ಮೇಲೆ ಒಲೆ ಹೂಡಿ ಬೆಂಕಿ ಹಾಕಲೇಬೇಡಿ; ಕಾದ ಗ್ರಾನೈಟ್ ಬಿರಿಯುತ್ತದೆ, ಆ ಗಾಯ ಎಂದಿಗೂ ಮಾಯುವುದಿಲ್ಲ. ನೀರಿನಂಚಿನ ಕಪ್ಪು ಪಾಚಿ ಬಲು ಜಾರು, ತಂದೆಯವರು ಒಣಗಿದ ಕಡೆಯೇ ನಡೆಯಲಿ. ಕೆಂಪು ಲೋಳೆಮೀನು ಮುಟ್ಟಿದರೆ ಸುಡುವಂತೆ ಉರಿಯುತ್ತದೆ. ಹುಲ್ಲಿನಲ್ಲಿ ಆಡಿ ಬಂದ ಮಗಳ ಮೈಯನ್ನು ಪ್ರತಿ ಸಂಜೆ ಉಣ್ಣಿಗಾಗಿ ಪರೀಕ್ಷಿಸಿ. ಬಿಸಿಲಿದ್ದರೂ ಗಾಳಿ ಕೊರೆಯುತ್ತದೆ, ಗಾಳಿ ತಡೆಯುವ ಜಾಕೆಟ್ಟು ಎಲ್ಲರಿಗೂ ಬೇಕು. ತಾಯಿಯವರು ಸೀರೆಯ ಒಳಗೆ ಉಣ್ಣೆಯ ಕಾಲುಚೀಲ ತೊಟ್ಟರೆ ಕಟ್ಟೆಯ ಮೇಲೆ ಹೆಚ್ಚು ಹೊತ್ತು ಸುಖವಾಗಿ ಕೂರಬಲ್ಲರು.

ಕುಟೀರಗಳ ಕಾದಿರಿಸುವಿಕೆ ವಸಂತದಲ್ಲೇ ಬಿರುಸಾಗಿರುತ್ತದೆ, ಆದ್ದರಿಂದ ತಂದೆತಾಯಿಯರ ವೀಸಾ ಕೈಸೇರಿದ ದಿನವೇ ದಿನಾಂಕ ಗೊತ್ತುಮಾಡಿ. ಬಸ್ಸಿನ ಟಿಕೆಟಿಗೆ ಅವಸರವಿಲ್ಲ, ಅದನ್ನು ಇಲ್ಲಿಯ ಸಾರಿಗೆ ಸಂಸ್ಥೆಯಾದ ವೆಸ್ತ್‌ಟ್ರಾಫಿಕ್‌ನ ಆ್ಯಪಿನಲ್ಲಿ ಹೊರಡುವ ಬೆಳಿಗ್ಗೆಯೇ ಕೊಳ್ಳಬಹುದು.