ಗೆಳೆಯರ ಜೊತೆ ಆನ್‌ಲೈನ್ ಪೋಕರ್ ಆಡುವಾಗ ಇಬ್ಬರು ಫೋನಲ್ಲಿ ಎಲೆ ಹೇಳಿಕೊಂಡರೆ ತಪ್ಪಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಐದು ಜನ ಗೆಳೆಯರು ರಾತ್ರಿ ಹೊತ್ತು ಪೋಕರ್ ಆಡುತ್ತೀರಿ. ಅದರಲ್ಲಿ ನೀವು ಮತ್ತು ಇನ್ನೊಬ್ಬರು ಕಾಲ್‌ನಲ್ಲಿದ್ದು ಒಬ್ಬರ ಎಲೆ ಒಬ್ಬರಿಗೆ ಹೇಳಿಕೊಳ್ಳುತ್ತೀರಿ. 'ಬ್ಲಫ್, ಅಂದರೆ ಕೆಟ್ಟ ಎಲೆ ಇಟ್ಟುಕೊಂಡು ಒಳ್ಳೆಯದಿದ್ದ ಹಾಗೆ ಕಟ್ಟೋದು, ಕೂಡ ಸುಳ್ಳೇ ತಾನೆ' ಅನ್ನುತ್ತಾರೆ ಅವರು. ಇದು ತಪ್ಪಾ, ಉಳಿದ ಮೂವರಿಗೆ ಹೇಳಬೇಕಾ ಅಂತ ಕೇಳಿದ್ದೀರಿ.

ತಪ್ಪು. ಹೇಳಲೂ ಬೇಕು. ಇದೇ ಕೆಲಸ ನಾನೂ ಮಾಡಿದ್ದೇನೆ.

2020ರ ಮಳೆಗಾಲ. ಬೆಂಗಳೂರಿಂದ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಬಂದು ಕೂತಿದ್ದೆ. ಜಗಲಿಯ ಒಂದು ಮೂಲೆಯಲ್ಲಿ ಮಾತ್ರ ನೆಟ್‌ವರ್ಕ್. ಸಾಗರದಲ್ಲಿ ಒಬ್ಬ, ಶಿವಮೊಗ್ಗದಲ್ಲಿ ಇಬ್ಬರು, ಪಕ್ಕದ ಊರಲ್ಲಿ ಚಿಕ್ಕಪ್ಪನ ಮಗ. ಊಟ ಆದ ಮೇಲೆ ಆಟ. ಪಣಕ್ಕಿಡೋ ಬಿಲ್ಲೆ, ಅಂದರೆ ಚಿಪ್ಸ್, ಪುಕ್ಕಟೆ, ಆದರೆ ಸೋಲು ಗೆಲುವಿನ ಲೆಕ್ಕ ಬೆಳಿಗ್ಗೆ ಯುಪಿಐನಲ್ಲಿ. ಚಿಕ್ಕಪ್ಪನ ಮಗನೂ ನಾನೂ ಲ್ಯಾಂಡ್‌ಲೈನಲ್ಲಿ ಮಾತಾಡಿಕೊಂಡಿರುತ್ತಿದ್ದೆವು. ಮೊದಮೊದಲು ಸುಮ್ನೆ ಹರಟೆ. ಆಮೇಲೆ ಎಲೆ ಹೇಳೋದು ಶುರುವಾಯಿತು.

ಒಂದು ರಾತ್ರಿ ಅವನು ಆ ಕೈ ಆಡದೆ ಮೊದಲೇ ಹಿಂದೆ ಸರಿದು, "ನಂದು ಎರಡೂ ಆಟೀನ್ ಇತ್ತು" ಅಂದ. ಎಲ್ಲರಿಗೂ ಸೇರಿದ ಮೇಜಿನ ಎಲೆ ನಾಲ್ಕು ಬಿತ್ತು, ಅದರಲ್ಲಿ ಎರಡು ಆಟೀನ್. ಸಾಗರದವನು ಬಿಡದೆ ಕಟ್ಟುತ್ತಿದ್ದ. ಕೈಲಿ ಎರಡು ಆಟೀನ್ ಇದೆ, ಮೇಜಿನ ಎರಡು ಸೇರಿಸಿ ಐದು ಮಾಡಿ ಗೆಲ್ಲಲು ಇನ್ನೊಂದಕ್ಕೆ ಕಾಯುತ್ತಿದ್ದಾನೆ ಅನ್ನಿಸಿತು. ಅದು ಬರೋದು ಕಷ್ಟ ಅಂತ ನನಗೆ ಗೊತ್ತಲ್ಲ, ಇದ್ದ ಚಿಪ್ಸೆಲ್ಲ ಮುಂದೆ ತಳ್ಳಿದೆ. ಅವನು ತುಂಬಾ ಹೊತ್ತು ಯೋಚಿಸಿ ತಾನೂ ಅಷ್ಟೇ ಕಟ್ಟಿದ. ಕೊನೆಯ ಎಲೆ ಕ್ಲಾವರ್. ಗ್ರೂಪಲ್ಲಿ ಬರೆದ: "ಒಂಬತ್ತು ಆಟೀನ್ ಇತ್ತು ಕಣೋ ಒಳಗೆ, ಒಂದೂ ಬರ್ಲಿಲ್ಲ."

ಒಳಗಿದ್ದಿದ್ದು ಹೆಚ್ಚೆಂದರೆ ಏಳು. ಅವನ ಲೆಕ್ಕದಲ್ಲಿ ತಪ್ಪಿರಲಿಲ್ಲ. 13 ಆಟೀನಲ್ಲಿ ನಾಲ್ಕು ಕಣ್ಣಿಗೆ ಕಂಡಿದೆ, ಕಾಣದ 46 ಎಲೆಯಲ್ಲಿ 9 ಉಳಿದಿದೆ, ಹೆಚ್ಚುಕಡಿಮೆ ಐದಕ್ಕೊಂದು ಸಲ ಬರಬೇಕು. ಚಿಕ್ಕಪ್ಪನ ಮಗನ ಎರಡೆಲೆ ತೆಗೆದರೆ 44ರಲ್ಲಿ 7. ಆರಕ್ಕೊಂದು ಸಲವೂ ಇಲ್ಲ. ಆ ವ್ಯತ್ಯಾಸ ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ಬೆಳಿಗ್ಗೆ ನಾನು ಕಾಫಿ ಕುಡಿಯೋ ಮೊದಲೇ ಅವನಿಂದ 640 ರೂಪಾಯಿ ಬಂತು. ಅವನಿಗೆ ಸಂಬಳ ನಿಂತು ಆಗ ಮೂರು ತಿಂಗಳಾಗಿತ್ತು.

ಬ್ಲಫ್ ಸುಳ್ಳು ಹೌದು. ಆ ಸುಳ್ಳಿಗೆ ಎಲ್ಲರೂ ಒಪ್ಪಿಯೇ ಕೂತಿರುತ್ತಾರೆ, ಯಾರು ಬೇಕಾದರೂ ಹೇಳಬಹುದು, ಯಾರು ಬೇಕಾದರೂ ಹಿಡಿಯಬಹುದು. ಫೋನಲ್ಲಿ ಎಲೆ ಹೇಳೋದಕ್ಕೆ ಯಾರು ಒಪ್ಪಿದ್ದಾರೆ? ಒಂದು ಕೈಗೆ ಒಬ್ಬನೇ ಆಟಗಾರ ಅನ್ನೋದು ಪೋಕರಿನ ಮೊದಲ ನಿಯಮಗಳಲ್ಲಿ ಒಂದು. ನಮ್ಮ ಮನೆಯಲ್ಲಿ ಅಡಿಕೆ ಸುಲಿಯೋ ಕಾಲದಲ್ಲಿ ರಾತ್ರಿ ಇಪ್ಪತ್ತೆಂಟು ಅನ್ನೋ ಇಸ್ಪೀಟಾಟ ಆಡುತ್ತಿದ್ದರು. ಅದು ಜೊತೆಗಾರರ ಆಟ. ಆದರೂ ಎದುರು ಕೂತವನು ಕೆಮ್ಮಿ ಸನ್ನೆ ಮಾಡಿದರೆ ಅಜ್ಜ ಎಲೆ ಕೆಳಗಿಟ್ಟು ಎದ್ದುಬಿಡುತ್ತಿದ್ದರು. ಜಗಲಿಯಲ್ಲಿ ಸುತ್ತ ಹತ್ತು ಕಣ್ಣಿರುತ್ತಿತ್ತು. ಫೋನಲ್ಲಿ ಆಡುವಾಗ ನಿಮ್ಮನ್ನು ನೋಡುವವರು ಯಾರೂ ಇಲ್ಲ, ಉಳಿದವರಿಗೆ ಇರೋದು ನಿಮ್ಮ ಮೇಲಿನ ನಂಬಿಕೆ ಒಂದೇ.

ಗೆಳೆಯ ಅಂತ ಅವನ ಮೇಲೆ ಜೋರಾಗಿ ಕಟ್ಟದೆ ಬಿಡೋದೂ ಇದೇ ಸಾಲಿಗೆ ಸೇರುತ್ತದೆ. ಇಬ್ಬರು ಒಬ್ಬರನ್ನೊಬ್ಬರು ಬಿಟ್ಟುಕೊಟ್ಟರೆ ಆ ಹೊರೆ ಮೂರನೆಯವನ ಮೇಲೆ ಬೀಳುತ್ತದೆ. ಅಪರಿಚಿತರ ಮೇಜಿನಲ್ಲಂತೂ ಹೀಗೆ ಮಾಡಲೇಬೇಡಿ. ಅವರ ಮುಖ ಕಾಣಲ್ಲ ಅಷ್ಟೇ, ಅವರದ್ದೂ ದುಡಿದ ದುಡ್ಡೇ ಅಲ್ವಾ? ಹೊಸಬರಿಗೆ ಕಲಿಸಬೇಕು ಅಂದರೆ ಎಲ್ಲರಿಗೂ ಗೊತ್ತಾಗುವ ಹಾಗೆ ಎಲೆ ತೋರಿಸಿಯೇ ಆಡಿ, ಅದರಲ್ಲಿ ಮೋಸ ಇಲ್ಲ.

ದುಡ್ಡಿಟ್ಟು ಆಡುತ್ತಿದ್ದರೆ ಇನ್ನೊಂದು ಮಾತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುತ್ತದೆ. ಕೌಶಲವೋ ಅದೃಷ್ಟವೋ ಅನ್ನೋ ಹಳೆಯ ವಾದಕ್ಕೆ ಅದರಲ್ಲಿ ಜಾಗ ಇಲ್ಲ. ಕರ್ನಾಟಕದ 2021ರ ನಿಷೇಧವನ್ನು ಹೈಕೋರ್ಟ್ 2022ರಲ್ಲಿ ರದ್ದು ಮಾಡಿತ್ತು, ಅದನ್ನೇ ಹಿಡಿದು ಈಗಲೂ ಧೈರ್ಯ ಹೇಳುವವರ ಮಾತು ಕೇಳಬೇಡಿ. ದುಡ್ಡು ತೆಗೆದುಬಿಡಿ. ಆಟದ ಖುಷಿ ಏನೂ ಕಮ್ಮಿಯಾಗಲ್ಲ, ನಾವು ಈಗ ಹಾಗೇ ಆಡೋದು.

ಹೇಳುವುದನ್ನು ಜಾಸ್ತಿ ದಿನ ಮುಂದೂಡಬೇಡಿ. ನಾನು ಮೂರು ತಿಂಗಳು ತಡ ಮಾಡಿದೆ. ಕೊಯ್ಲಿನ ಹೊತ್ತಿಗೆ ಸಾಗರದವನು ಮನೆಗೆ ಬಂದಾಗ ಅಂಗಳದಲ್ಲಿ ನಿಂತು ಎಲ್ಲ ಹೇಳಿ 640 ರೂಪಾಯಿ ಕೊಡೋಕೆ ಹೋದೆ. ತಗೊಳ್ಳಲಿಲ್ಲ. "ಎಷ್ಟು ಸಲ ಹೀಗೆ ಆಡಿದ್ರಿ?" ಅಂತಷ್ಟೇ ಕೇಳಿದ. ನನ್ನ ಹತ್ತಿರ ಲೆಕ್ಕ ಇರಲಿಲ್ಲ. ಆ ಮಳೆಗಾಲದಲ್ಲಿ ನಿಜವಾಗಿ ಸೋತ ಕೈ ಯಾವುದು, ನಾವು ಸೋಲಿಸಿದ ಕೈ ಯಾವುದು ಅಂತ ಅವನಿಗೆ ಇವತ್ತಿಗೂ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ನಿಮಗೆ ಇನ್ನೂ ನೆನಪಿರುವಾಗಲೇ ಆ ಮೂವರಿಗೆ ಹೇಳಿ, ಮುಂದಿನ ಆಟದಲ್ಲಿ ಎಲೆ ಹಂಚುವ ಮೊದಲು.