ಒಮ್ಮೆ ಮುಂಗಾಲು, ಒಮ್ಮೆ ಹಿಂಗಾಲು: ಕುಂಟುವ ಕುದುರೆಯ ಬಾನಿ ನೋಡಿದ್ದೀರಾ?

ಪ್ರಶ್ನೆ: ನಮ್ಮ ಮನೆ ಉಡುಪಿ ಹತ್ತಿರ. ಸವಾರಿಗೆಂದು ಸಾಕಿದ ಒಂಬತ್ತು ವರ್ಷದ ಹೆಣ್ಣು ಕುದುರೆ ಎರಡು ತಿಂಗಳಿಂದ ಕುಂಟುತ್ತಿದೆ. ಒಂದು ವಾರ ಎಡ ಮುಂಗಾಲು, ಇನ್ನೊಂದು ವಾರ ಬಲ ಹಿಂಗಾಲು. ಬೆನ್ನು ಮುಟ್ಟಿದರೆ ಮೈ ಕುಗ್ಗಿಸುತ್ತದೆ, ಜೀನು ಹಾಕಲು ಬಿಡುವುದಿಲ್ಲ. ಗಾಯ, ಬಾವು ಏನೂ ಇಲ್ಲ. ನೋವಿನ ಇಂಜೆಕ್ಷನ್ ಕೊಡಿಸಿದರೆ ನಾಲ್ಕು ದಿನ ಚೆನ್ನಾಗಿರುತ್ತದೆ, ಮತ್ತೆ ಅದೇ ಕಥೆ. ದಿನಕ್ಕೆ ಎರಡು ಕೆ.ಜಿ. ಗೋಧಿ ಬೂಸ, ಸ್ವಲ್ಪ ಹುರುಳಿ, ಹಟ್ಟಿಯ ದನಗಳಿಗೆಂದು ಬೆಳೆಸಿದ ನೇಪಿಯರ್ ಹುಲ್ಲು ಮತ್ತು ಬೈಹುಲ್ಲು ಕೊಡುತ್ತೇವೆ. ವಾರಕ್ಕೆ ಎರಡು ದಿನ ಮಲ್ಪೆಯ ಮರಳಿನಲ್ಲಿ ಓಡಿಸುತ್ತಿದ್ದೆವು. ಇದು ಬರೀ ಸ್ನಾಯು ನೋವೇ?

ಉತ್ತರ: ಮೊದಲು ಸವಾರಿ ನಿಲ್ಲಿಸಿ. ಪರೀಕ್ಷೆ ಆಗುವ ತನಕ ನೋವಿನ ಇಂಜೆಕ್ಷನ್ನೂ ಸುಮ್ನೆ ಕೊಡಿಸಬೇಡಿ. ನೋವು ಮುಚ್ಚಿಹೋದರೆ ಯಾವ ಕಾಲು, ಯಾವ ಜಾಗ ಅಂತ ವೈದ್ಯರಿಗೆ ಗೊತ್ತಾಗುವುದೇ ಇಲ್ಲ. ನೋವಿಲ್ಲದ ಆ ನಾಲ್ಕು ದಿನ ಕುದುರೆ ಪೆಟ್ಟಾದ ಕಾಲನ್ನೇ ಜಾಸ್ತಿ ಬಳಸುತ್ತದೆ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಮೇವಿನ ಸಾಲಿನ ಮೇಲೆ. ಕುಂಟು ಕಾಲಿಂದ ಕಾಲಿಗೆ ಜಾಗ ಬದಲಾಯಿಸುತ್ತಿದೆ, ಹೊರಗೆ ಬಾವಿಲ್ಲ, ಬೆನ್ನು ನೋಯುತ್ತದೆ, ಬಾನಿಯಲ್ಲಿ ಬೂಸ ಮತ್ತು ನೇಪಿಯರ್. ಇಷ್ಟೂ ಒಟ್ಟಿಗೆ ಬಂದರೆ ನಾನು ಮೊದಲು ಅನುಮಾನ ಪಡುವುದು ಮೂಳೆಯ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ ಕಡಿಮೆಯಾಗುವ ತೊಂದರೆ.

ಲೆಕ್ಕ ನೋಡಿ. ಸುಮಾರು 400 ಕೆ.ಜಿ. ತೂಕದ, ಹೆಚ್ಚು ಕೆಲಸವಿಲ್ಲದ ಕುದುರೆಗೆ ದಿನಕ್ಕೆ 16 ಗ್ರಾಂ ಕ್ಯಾಲ್ಸಿಯಂ, 11 ಗ್ರಾಂ ರಂಜಕ (ಫಾಸ್ಫರಸ್) ಸಾಕು. ಎರಡು ಕೆ.ಜಿ. ಗೋಧಿ ಬೂಸದಲ್ಲಿ ರಂಜಕವೇ 20 ಗ್ರಾಂ ದಾಟುತ್ತದೆ. ಕ್ಯಾಲ್ಸಿಯಂ ಇರುವುದು ಎರಡು ಮೂರು ಗ್ರಾಂ ಮಾತ್ರ. ಅಕ್ಕಿ ತೌಡಿನ ಕಥೆಯೂ ಹೀಗೇ. ರಂಜಕ ಜಾಸ್ತಿಯಾದಾಗ ಕರುಳು ಕ್ಯಾಲ್ಸಿಯಂ ಹೀರುವುದು ಕಷ್ಟವಾಗುತ್ತದೆ.

ಇದರ ಮೇಲೆ ನೇಪಿಯರ್. ಅದರಲ್ಲಿ ಆಕ್ಸಲೇಟ್ ಎಂಬ ಅಂಶ ಜಾಸ್ತಿ. ಬೈಹುಲ್ಲಿನಲ್ಲೂ ಇದೆ. ಆಕ್ಸಲೇಟ್ ಮೇವಿನ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟು ಲದ್ದಿಯ ಜೊತೆ ಹೊರಗೆ ಹಾಕಿಸುತ್ತದೆ. ದನದ ಹೊಟ್ಟೆಯ ಸೂಕ್ಷ್ಮಜೀವಿಗಳು ಬಹುಪಾಲು ಆಕ್ಸಲೇಟನ್ನು ಮೊದಲೇ ಒಡೆದುಹಾಕುತ್ತವೆ. ಹಾಗಾಗಿ ಹಟ್ಟಿಯ ದನ ಅದೇ ಹುಲ್ಲು ತಿಂದು ಆರಾಮಾಗಿರುತ್ತದೆ. ಕುದುರೆಗೆ ಆ ಅನುಕೂಲ ಇಲ್ಲ. ನಮ್ಮ ಕರಾವಳಿಯಲ್ಲಿ ದನ ಸಾಕಿದ ಅನುಭವದಿಂದಲೇ ಕುದುರೆಗೂ ಮೇವು ಹಾಕುತ್ತಾರೆ. ಪ್ರೀತಿಯಿಂದಲೇ ಹಾಕುತ್ತಾರೆ. ಅದಕ್ಕೇ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಮೇವಿನಿಂದ ಸಿಗದ ಕ್ಯಾಲ್ಸಿಯಂ ಅನ್ನು ದೇಹ ಮೂಳೆಯಿಂದ ಎಳೆದುಕೊಳ್ಳುತ್ತದೆ. ಮೂಳೆ ಮೆತ್ತಗಾಗುತ್ತದೆ, ಸ್ನಾಯು ಮೂಳೆಗೆ ಅಂಟಿಕೊಂಡ ಜಾಗ ನೋಯುತ್ತದೆ. ಜಗಿಯುವುದು ನಿಧಾನವಾಗಬಹುದು. ತುಂಬಾ ಮುಂದುವರಿದರೆ ಮುಖದ ಮೂಳೆ ಊದಿಕೊಳ್ಳುತ್ತದೆ. ಅಲ್ಲಿಯವರೆಗೆ ಕಾಯಬೇಡಿ. ರಕ್ತದಲ್ಲಿ ಕ್ಯಾಲ್ಸಿಯಂ ಸರಿಯಾಗಿದೆ ಎಂಬ ವರದಿ ಬಂದರೂ ಸಮಾಧಾನ ಪಡಬೇಡಿ. ಮೂಳೆ ಕರಗಿಸಿಯೇ ದೇಹ ಆ ಮಟ್ಟವನ್ನು ಕಾಪಾಡಿಕೊಂಡಿರುತ್ತದೆ. ರಕ್ತ ಮತ್ತು ಮೂತ್ರ ಎರಡನ್ನೂ ಒಟ್ಟಿಗೆ ಪರೀಕ್ಷಿಸಿ, ರಂಜಕ ಎಷ್ಟು ಹೊರಹೋಗುತ್ತಿದೆ ಎಂದು ನೋಡಬೇಕು.

ಇದೇ ಅಂತ ಪತ್ರ ಓದಿ ತೀರ್ಮಾನಿಸಲು ಆಗುವುದಿಲ್ಲ. ಕುದುರೆಯ ಕುಂಟಿನಲ್ಲಿ ಗೊರಸಿನ ಪಾಲು ದೊಡ್ಡದು. ಮಳೆಗಾಲದ ಕೆಸರಲ್ಲಿ ನಿಂತ ಗೊರಸಿನೊಳಗೆ ಕೀವು ತುಂಬಬಹುದು. ಆದರೆ ಅದು ಸಾಮಾನ್ಯವಾಗಿ ಒಂದೇ ಕಾಲು, ನೋವೂ ಜೋರು. ಲಾಳ ತೆಗೆಸಿ ನಾಲ್ಕೂ ಗೊರಸು ನೋಡಿಸಿ. ಜೀನು ಬೆನ್ನಿಗೆ ಸರಿಯಾಗಿ ಕೂರುತ್ತದೆಯೇ ಎಂದೂ ನೋಡಿಸಿ.

ಬಿಡುವಿನ ನಂತರ ಒಮ್ಮೆಲೇ ಓಡಿಸಿದಾಗ ಸ್ನಾಯು ಗಟ್ಟಿಯಾಗುವ ಕಾಯಿಲೆಯೂ ಇದೆ. ವಾರಕ್ಕೆ ಎರಡೇ ದಿನ ಓಡುವ ಕುದುರೆಯಲ್ಲಿ ಅದನ್ನು ಮರೆಯುವಂತಿಲ್ಲ. ಹಿಂಭಾಗದ ಸ್ನಾಯು ಕಲ್ಲಿನಂತಾಗಿ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಅದು ತುರ್ತು. ಆಗ ನಡೆಸಬೇಡಿ, ನಿಂತಲ್ಲೇ ನೀರು ಕೊಟ್ಟು ವೈದ್ಯರನ್ನು ಕರೆಸಿ. ಅಷ್ಟು ಜೋರಿಲ್ಲದೆ ಒಳಗೊಳಗೇ ಇದ್ದರೆ ಸ್ನಾಯುವಿನ ಹಾನಿ ತೋರಿಸುವ ಸಿ.ಕೆ. ಎಂಬ ರಕ್ತಪರೀಕ್ಷೆ ಹೇಳುತ್ತದೆ. ಸ್ವಲ್ಪ ಹೊತ್ತಿನ ಹಗುರ ವ್ಯಾಯಾಮಕ್ಕೆ ಮೊದಲು ಒಮ್ಮೆ, ಆಮೇಲೆ ನಾಲ್ಕರಿಂದ ಆರು ಗಂಟೆ ಬಿಟ್ಟು ಇನ್ನೊಮ್ಮೆ ರಕ್ತ ತೆಗೆಯುತ್ತಾರೆ.

ವಾರವಿಡೀ ಬೆಳಿಗ್ಗೆ ಸಂಜೆ ಜ್ವರ ಅಳೆಯಿರಿ. 38.5 ಡಿಗ್ರಿ ಸೆಲ್ಸಿಯಸ್ ದಾಟಿ ಬಂದು ಹೋಗುತ್ತಿದ್ದರೆ, ಹೊಟ್ಟೆಯ ಅಡಿ ನೀರು ತುಂಬಿದ ಹಾಗೆ ಕಂಡರೆ, ಕುದುರೆ ನೊಣದಿಂದ ಹರಡುವ ಸರ್ರಾ ರೋಗಕ್ಕೆ ರಕ್ತ ಪರೀಕ್ಷಿಸಲೇಬೇಕು.

ಮೇವು ಬದಲಿಸುವುದನ್ನು ಈ ವಾರವೇ ಶುರು ಮಾಡಿ. ಆದರೆ ಹತ್ತು ಹದಿನೈದು ದಿನ ತೆಗೆದುಕೊಳ್ಳಿ, ಒಮ್ಮೆಲೇ ಬದಲಿಸಿದರೆ ಹೊಟ್ಟೆನೋವು ಬರುತ್ತದೆ. ಬೂಸ ಇಳಿಸುತ್ತಾ ನಿಲ್ಲಿಸಿ. ನೇಪಿಯರ್ ಬದಲು ಗರಿಕೆ, ಓಟ್ಸ್‌ನ ಒಣಹುಲ್ಲು, ಸಿಕ್ಕರೆ ಕುದುರೆ ಮಸಾಲೆ (ಲೂಸರ್ನ್) ಸೊಪ್ಪು ಕೊಡಿ. ಅದರಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ. ಪಶು ಆಹಾರಕ್ಕೆಂದೇ ಸಿಗುವ ಸುಣ್ಣದಕಲ್ಲಿನ ಪುಡಿಯನ್ನು ವೈದ್ಯರು ಹೇಳಿದ ಅಳತೆಯಲ್ಲಿ ಬೆರೆಸಿ. ಚಿಪ್ಪು ಸುಟ್ಟು ಮಾಡುವ, ವೀಳ್ಯದೆಲೆಗೆ ಹಚ್ಚುವ ಸುಣ್ಣ ಬೇಡವೇ ಬೇಡ, ಬಾಯಿ ಸುಡುತ್ತದೆ. ದನದ ಹಿಂಡಿ ಮಿಶ್ರಣವನ್ನೂ ಹಾಕಬೇಡಿ. ಕೆಲವು ಪಶು ಆಹಾರಗಳಲ್ಲಿ ಮೊನೆನ್ಸಿನ್ ಎಂಬ ಔಷಧ ಇರುತ್ತದೆ. ದನಕ್ಕೆ ಪರವಾಗಿಲ್ಲ, ಕುದುರೆಯ ಹೃದಯಕ್ಕೆ ಅದು ವಿಷ.

ನಮ್ಮ ಅನುಮಾನ ಸರಿಯಾಗಿದ್ದರೆ ಕೆಲವು ವಾರಗಳಲ್ಲಿ ಕುಂಟು ಕಡಿಮೆಯಾಗುತ್ತದೆ. ಆದರೆ ಮೂಳೆ ತುಂಬಿಕೊಳ್ಳಲು ಹಲವು ತಿಂಗಳು ಬೇಕು. ಚೆನ್ನಾಗಿ ನಡೆಯುತ್ತಿದೆ ಅಲ್ವಾ ಅಂತ ಬೇಗ ಹತ್ತಿಬಿಟ್ಟರೆ ಮೂಳೆ ಮುರಿಯುವ ಅಪಾಯ ಇದೆ. ವೈದ್ಯರು ಒಪ್ಪಿದ ಮೇಲೆ ಗಟ್ಟಿಯಾದ, ಸಮತಟ್ಟು ನೆಲದಲ್ಲಿ ಹಗ್ಗ ಹಿಡಿದು ನಡೆಸುವ ಹತ್ತು ನಿಮಿಷದ ನಡಿಗೆಯಿಂದ ಶುರು ಮಾಡಿ. ಮಲ್ಪೆಯ ಮರಳು ಎಲ್ಲಕ್ಕಿಂತ ಕೊನೆಗೆ.